ಕೊಡಗಿನ ಮಳೆ ತಾಳುವ ಕೇಬಲ್ ರಿಲೀಸ್: ಆರಿಸುವುದು, ಪರೀಕ್ಷಿಸುವುದು, ಸರಿಪಡಿಸುವುದು

ಕ್ಯಾಮೆರಾವನ್ನು ಕೈಯಲ್ಲಿ ಮುಟ್ಟದೆ ಶಟರ್ ಬೀಳಿಸಲು ಬಳಸುವ ತಂತಿಯೇ ಕೇಬಲ್ ರಿಲೀಸ್. ಅದು ನಟ್ಟನಡುವೆ ತುಂಡಾಗುವುದು ತೀರ ಅಪರೂಪ. ಕೆಡುವುದೆಲ್ಲ ತುದಿಗಳಲ್ಲಿ. ಕ್ಯಾಮೆರಾಕ್ಕೆ ತಿರುಪುವ ಲೋಹದ ತುದಿಯಿಂದ ಹೊದಿಕೆ ಕಿತ್ತು ಬರುತ್ತದೆ, ಇಲ್ಲವೆ ಆ ತುದಿಯ ಹಿಂದಿನ ಒಂದೆರಡು ಸೆಂಟಿಮೀಟರಿನಲ್ಲಿ ಒಳತಂತಿ ಮುರುಟಿಕೊಳ್ಳುತ್ತದೆ. ಮೂರನೆಯ ಕಾರಣ ತುಕ್ಕು. ಮೊದಲೆರಡು ಯಾವ ಊರಿನಲ್ಲಾದರೂ ಆಗುವಂಥವು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮಡಿಕೇರಿ, ಭಾಗಮಂಡಲದ ಕಡೆ ಮೂರನೆಯದೇ ಮುಂದೆ ಬಂದು ನಿಲ್ಲುತ್ತದೆ. ಕುಶಾಲನಗರದವರಿಗೆ ಅಷ್ಟು ಕಾಟವಿಲ್ಲ.

ಇಲ್ಲಿರುವುದು ಎರಡು ಕೆಲಸಗಳ ವಿವರ. ಹೊಸದನ್ನು ಕೊಳ್ಳುವಾಗ ಅಂಗಡಿಯಲ್ಲೇ ಸುಲಭವಾಗಿ ಮಾಡಬಹುದಾದ ಪರೀಕ್ಷೆಗಳು ಒಂದು. ತುದಿ ಕಿತ್ತು, ಒಳಗೆ ತುಕ್ಕು ಹಿಡಿದ, 50 ಸೆಂ.ಮೀ. ಉದ್ದದ, ಬಟ್ಟೆ ಹೊದಿಕೆಯ ಹಳೆಯ ಕೇಬಲ್ಲನ್ನು ಬೆಂಚಿನ ಮೇಲೆ ಸರಿಪಡಿಸುವುದು ಇನ್ನೊಂದು. ಜೊತೆಗಿಟ್ಟುಕೊಂಡ ಕ್ಯಾಮೆರಾ ನಿಕಾನ್ ಎಫ್‌ಎಂ2. ಪೆಂಟಾಕ್ಸ್ ಕೆ1000, ಕ್ಯಾನನ್ ಎಇ-1, ಒಲಿಂಪಸ್ ಒಎಂ-1, ಯಾಶಿಕಾ-ಮ್ಯಾಟ್ 124ಜಿ ಇವಕ್ಕೂ ಇದೇ ಕೇಬಲ್ ಸರಿಹೊಂದುತ್ತದೆ. ಎಲ್ಲದರಲ್ಲೂ ಶಟರ್ ಗುಂಡಿಯ ನಡುವೆ ಕೆಳಗೆ ಹೋದಂತೆ ಕಿರಿದಾಗುವ ಥ್ರೆಡ್ ಇದೆ. ಹಳೆಯ ನಿಕಾನ್ ಎಫ್ ಮತ್ತು ಎಫ್2ರಲ್ಲಿ ಥ್ರೆಡ್ ಇರುವುದು ಗುಂಡಿಯ ಒಳಗಲ್ಲ, ಅದರ ಸುತ್ತಲಿನ ಬಳೆಯಲ್ಲಿ. ಅವಕ್ಕೆ ನಿಕಾನ್‌ನ ಎಆರ್-2 ಕೇಬಲ್ ಬೇಕು, ಅಥವಾ ಅಡಾಪ್ಟರ್. ಎಫ್‌ಎಂ2, ಎಫ್3ಗಳಿಗೆ ನಿಕಾನ್ ಕೊಡುತ್ತಿದ್ದದ್ದು ಎಆರ್-3. ಎರಡರ ಹೆಸರೂ ಹತ್ತಿರ ಇರುವುದರಿಂದ ಹಳೆಯ ಸಾಮಾನು ಕೊಳ್ಳುವಾಗ ಅದಲುಬದಲಾಗುವುದುಂಟು. ಕ್ಯಾನನ್ ಇಒಎಸ್ ಫಿಲ್ಮ್ ಕ್ಯಾಮೆರಾಗಳದ್ದು ವಿದ್ಯುತ್ ಸ್ವಿಚ್ಚು. ಅವಕ್ಕೂ ಈ ಬರಹಕ್ಕೂ ಸಂಬಂಧವಿಲ್ಲ.

ಎಳೆಯುವ ಕೇಬಲ್ಲಲ್ಲ, ತಳ್ಳುವ ಕೇಬಲ್

ಬಾಳಿಕೆಯ ಪ್ರಶ್ನೆಯೆಲ್ಲ ಒಂದೇ ಸಂಗತಿಯ ಮೇಲೆ ನಿಂತಿದೆ. ಸೈಕಲ್ಲಿನ ಬ್ರೇಕ್ ಕೇಬಲ್ಲಿನಲ್ಲಿ ಲಿವರ್ ಇನ್ನರನ್ನು, ಅಂದರೆ ಒಳತಂತಿಯನ್ನು, ಎಳೆಯುತ್ತದೆ. ಎಳೆತ ಇನ್ನರಿಗೆ, ಅದುಮುವ ಬಲ ಔಟರಿಗೆ. ಔಟರ್ ಅಂದರೆ ಒತ್ತೊತ್ತಾಗಿ ಸುತ್ತಿದ ಉಕ್ಕಿನ ತಂತಿ. ಸುತ್ತುಗಳು ಮೊದಲೇ ಒಂದಕ್ಕೊಂದು ತಾಗಿರುವುದರಿಂದ ಎಷ್ಟು ಅದುಮಿದರೂ ಅದು ಕುಗ್ಗುವುದಿಲ್ಲ. ಕೇಬಲ್ ರಿಲೀಸಿನಲ್ಲಿ ಇದು ತಿರುಗುಮುರುಗು. ಹೆಬ್ಬೆರಳು ಹಿಡಿಕೆಯ ಪ್ಲಂಜರನ್ನು (ಒತ್ತುವ ಕಡ್ಡಿಯನ್ನು) ಒತ್ತಿದಾಗ ಇನ್ನರ್ ತಳ್ಳಲ್ಪಡುತ್ತದೆ, ಔಟರ್ ಎಳೆಯಲ್ಪಡುತ್ತದೆ. ಒಂದು ತುದಿಯನ್ನು ಕ್ಯಾಮೆರಾ ಹಿಡಿದುಕೊಂಡಿದೆ, ಇನ್ನೊಂದನ್ನು ಎರಡು ಬೆರಳು ಹಿಂದಕ್ಕೆ ಎಳೆಯುತ್ತಿವೆ. ಎಳೆದರೆ ಸುತ್ತುಗಳು ಬಿಚ್ಚಿಕೊಳ್ಳುತ್ತವೆ, ಔಟರ್ ಉದ್ದವಾಗುತ್ತದೆ. ಅದು ಎಷ್ಟು ಉದ್ದವಾಯಿತೋ ಅಷ್ಟು ಚಲನೆ ಕ್ಯಾಮೆರಾದ ಕಡೆ ಹೊರಬಂದು ಶಟರ್ ಒತ್ತುವ ಪಿನ್ನಿಗೆ ತಲುಪುವುದಿಲ್ಲ.

ಹಾಗಾಗದಂತೆ ತಡೆಯುವುದು ಮೇಲಿನ ಹೊದಿಕೆ, ಮತ್ತು ಹೊದಿಕೆಯನ್ನು ಎರಡೂ ಲೋಹದ ತುದಿಗಳಿಗೆ ಬಿಗಿದ ಅಮುಕು ಜಾಗ. ಹೊದಿಕೆ ಅಂದಕ್ಕಲ್ಲ, ಭಾರ ಹೊರುವ ಭಾಗವೇ ಅದು. ಇನ್ನರಿನ ಪಾಡೂ ಅಷ್ಟೆ. ತೆಳ್ಳಗಿನ ತಂತಿಯನ್ನು ತಳ್ಳಿದರೆ ಸಿಕ್ಕ ಜಾಗದಲ್ಲೆಲ್ಲ ಬಾಗುತ್ತದೆ. ಔಟರಿನ ರಂಧ್ರ ಇನ್ನರಿಗೆ ಬಿಗಿಯಾಗಿ ಹೊಂದಿದ್ದರೆ ಬಾಗಲು ಜಾಗವಿರುವುದಿಲ್ಲ, ಸಡಿಲವಿದ್ದರೆ ಒಳಗೇ ಹಾವಿನಂತೆ ಸುಳಿಯುತ್ತದೆ. ಒಳ್ಳೆಯ ಕೇಬಲ್ಲುಗಳ ಇನ್ನರ್ ಬರಿಯ ತಂತಿಯಲ್ಲ, ತಂತಿಯ ಮೇಲೆ ಮತ್ತೆ ಬಿಗಿಯಾಗಿ ಸುತ್ತಿದ ತಂತಿ ಇರುತ್ತದೆ.

ಕಾಫಿ ತೋಟದ ಮನೆಯಲ್ಲಿ ಕಳೆ ಕೊಚ್ಚುವ ಯಂತ್ರದ ಹಳೆಯ ಆಕ್ಸಿಲರೇಟರ್ ಕೇಬಲ್ ಎಲ್ಲಾದರೂ ಬಿದ್ದೇ ಇರುತ್ತದೆ. ಅದನ್ನು ಕತ್ತರಿಸಿ ರಿಲೀಸ್ ಮಾಡುವ ಆಸೆ ಅನೇಕರಿಗೆ ಬರುತ್ತದೆ. ಅದು ಎಳೆಯುವುದಕ್ಕೆಂದು ಮಾಡಿದ ಹೆಣೆದ ತಂತಿ. ತಳ್ಳಿದರೆ ಎಳೆಗಳು ಬಿಡಿಸಿಕೊಂಡು ಉಬ್ಬುತ್ತವೆ. ಬೈಕಿನ ಕ್ಲಚ್ ಕೇಬಲ್ ಆದರೂ ಇದೇ ಕಥೆ.

ಅಂಗಡಿಯಲ್ಲಿ ಮಾಡುವ ಪರೀಕ್ಷೆ

ಹೊಸ ಕೇಬಲ್ ರಿಲೀಸಿಗೆ ಮೈಸೂರು, ಬೆಂಗಳೂರಿನ ಅಂಗಡಿಗೋ ಆನ್‌ಲೈನಿಗೋ ಹೋಗಬೇಕಾಗುತ್ತದೆ. ಆನ್‌ಲೈನ್ ತರಿಸಿದರೆ ವಾಪಸು ಕಳಿಸುವ ಗಡುವಿನೊಳಗೆ ಇವನ್ನು ಮುಗಿಸಿಬಿಡಿ. ಬೇಕಾಗುವುದು ಉಕ್ಕಿನ ಸ್ಕೇಲ್ ಅಥವಾ ವರ್ನಿಯರ್, ಒಂದು ಸಣ್ಣ ಅಯಸ್ಕಾಂತ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಪಿನ್ ತಡೆದು ಒತ್ತುವ ಪರೀಕ್ಷೆ. ಎಡಗೈಯ ಎರಡು ಬೆರಳಲ್ಲಿ ಲೋಹದ ತುದಿಯನ್ನು ಹಿಡಿದು, ಅದೇ ಕೈಯ ಹೆಬ್ಬೆರಳಿನ ಉಗುರಿನಿಂದ ಪಿನ್ನನ್ನು ಹೊರಗೆ ಬರದಂತೆ ತಡೆಯಿರಿ. ಬಲಗೈಯಲ್ಲಿ ಪ್ಲಂಜರ್ ಒತ್ತಿ. ಪಿನ್ ಅಲುಗಾಡದೆ ಪ್ಲಂಜರ್ ಎಷ್ಟು ಒಳಗೆ ಹೋಯಿತೋ ಅಷ್ಟೂ ನಷ್ಟ; ಔಟರ್ ಹಿಗ್ಗಿದ್ದು, ಇನ್ನರ್ ಸುಳಿದದ್ದು, ತುದಿಯ ಅಮುಕು ಜಾರಿದ್ದು ಎಲ್ಲ ಸೇರಿದ ಲೆಕ್ಕ. 50 ಸೆಂ.ಮೀ. ಕೇಬಲ್ಲಿನಲ್ಲಿ 2 ಮಿ.ಮೀ. ತನಕ ಪರವಾಗಿಲ್ಲ. 4 ದಾಟಿದರೆ ಬೇಡ, ಹೊಸದಾದರೂ ಬೇಡ. ಒತ್ತುವಾಗ ತುದಿಯ ಬುಡದ ಕಡೆ ಕಣ್ಣಿರಲಿ. ಹೊದಿಕೆಗೂ ಲೋಹಕ್ಕೂ ನಡುವೆ ಕೂದಲೆಳೆಯಷ್ಟು ಸಂದು ತೆರೆದು ಮುಚ್ಚುತ್ತಿದ್ದರೆ ಆ ಕೇಬಲ್ಲಿನ ಕೊನೆ ಎಲ್ಲೆಂದು ಅದೇ ತೋರಿಸುತ್ತಿದೆ.

ಆಮೇಲೆ ಪಿನ್ನಿನ ಓಟ. ಕೇಬಲ್ಲನ್ನು ನೇರವಾಗಿ ಹಿಡಿದು ಪೂರ್ತಿ ಒತ್ತಿ, ಪಿನ್ ಎಷ್ಟು ಹೊರಬಂತೆಂದು ಅಳೆಯಿರಿ. ಈಗ ಸುಮಾರು 10 ಸೆಂ.ಮೀ. ಅಗಲದ ಸುರುಳಿ ಮಾಡಿ ಮತ್ತೆ ಅಳೆಯಿರಿ. ವ್ಯತ್ಯಾಸ ಒಂದು ಮಿ.ಮೀ. ಸುತ್ತಮುತ್ತ ಇದ್ದರೆ ಇನ್ನರ್ ಬಿಗಿಯಾಗಿದೆ ಎಂದರ್ಥ. ಮೂರಾದರೆ ರಂಧ್ರ ದೊಡ್ಡದು.

ನಿಮ್ಮ ಕ್ಯಾಮೆರಾಕ್ಕೆ ಎಷ್ಟು ಓಟ ಬೇಕೆಂದು ತಿಳಿಯಲು ಫಿಲ್ಮ್ ಇಲ್ಲದ ಕ್ಯಾಮೆರಾವನ್ನು ವೈಂಡ್ ಮಾಡಿ, ಮೊನೆ ಮೊಂಡು ಮಾಡಿದ ಹಲ್ಲುಕಡ್ಡಿಯನ್ನು ಗುಂಡಿಯ ರಂಧ್ರಕ್ಕೆ ಇಳಿಸಿ. ತಳ ತಾಗಿದಾಗ ಗುಂಡಿಯ ಅಂಚಿನ ಮಟ್ಟದಲ್ಲಿ ಪೆನ್ನಿನ ಗೆರೆ ಎಳೆಯಿರಿ. ಅದು ಪಿನ್ ತಲುಪಬೇಕಾದ ಆಳ. ಗುಂಡಿಯನ್ನು ಬೆರಳಿನಿಂದ ನಿಧಾನ ಒತ್ತಿ, ಶಟರ್ ಬೀಳುವ ತನಕ ಅದು ಎಷ್ಟು ಇಳಿಯುತ್ತದೆಂದು ಪಕ್ಕಕ್ಕೆ ಸ್ಕೇಲ್ ಹಿಡಿದು ನೋಡಿ. ಎರಡನ್ನೂ ಕೂಡಿಸಿ, ಥ್ರೆಡ್ಡಿನ ಭಾಗ ಒಳಗೆ ಇಳಿಯುವಷ್ಟನ್ನು ಕಳೆದು, ಎಚ್ಚರಿಕೆಗೆ 2 ಮಿ.ಮೀ. ಸೇರಿಸಿ. ಬಾಗಿಸಿ ಹಿಡಿದ ಕೇಬಲ್ಲಿನ ಓಟ ಇದಕ್ಕಿಂತ ಕಡಿಮೆ ಇರಬಾರದು. ಮತ್ತೊಂದು ಮಾತು: ಎಫ್‌ಎಂ2ರಲ್ಲಿ ವೈಂಡಿಂಗ್ ಲಿವರ್ ಮೈಗೆ ಅಂಟಿದ್ದರೆ ಶಟರ್ ಗುಂಡಿಗೆ ಬೀಗ ಬಿದ್ದಿರುತ್ತದೆ. ಕೇಬಲ್ ಕೆಟ್ಟಿದೆ ಎಂದು ದೂರುವವರಲ್ಲಿ ಒಂದಷ್ಟು ಜನ ಲಿವರನ್ನು ಹೊರಗೆ ಎಳೆದಿರುವುದೇ ಇಲ್ಲ.

ಅಯಸ್ಕಾಂತ ಇರುವುದು ತುದಿಗೆ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಮೇಲೆ ಕ್ರೋಮ್ ಹೊಳೆಯುತ್ತಿದ್ದು ಅಯಸ್ಕಾಂತ ಗಟ್ಟಿಯಾಗಿ ಕಚ್ಚಿದರೆ ಒಳಗೆ ಕಬ್ಬಿಣ. ಒಂದು ಮಳೆಗಾಲಕ್ಕೆ ಥ್ರೆಡ್ಡಿನ ಸಂದಿನಲ್ಲಿ ಕೆಂಪು ಪುಡಿ ಕಾಣಿಸುತ್ತದೆ, ಆ ಪುಡಿ ಹೋಗಿ ಕೂರುವುದು ನಿಮ್ಮ ಶಟರ್ ಗುಂಡಿಯಲ್ಲಿ. ಪ್ಲಾಸ್ಟಿಕ್ ತುದಿ ಇನ್ನೂ ಕೆಟ್ಟದ್ದು. ಕ್ಯಾಮೆರಾ ಯಾವುದಕ್ಕಾದರೂ ತಾಗಿದಾಗ ಅದು ಗುಂಡಿಯೊಳಗೇ ಮುರಿದು ಕೂರುತ್ತದೆ. ಪಿನ್ ಉಕ್ಕಿನದ್ದೇ ಆಗಿರುತ್ತದೆ, ಅದಕ್ಕೆ ಅಯಸ್ಕಾಂತ ಅಂಟಿದರೆ ಗಾಬರಿ ಬೇಡ.

ತುದಿಯ ಬಳೆ ಕೇಬಲ್ಲಿನಿಂದ ಬೇರೆಯಾಗಿ ತಿರುಗಬೇಕು. ತಿರುಗದಿದ್ದರೆ ತಿರುಪುವಾಗಲೆಲ್ಲ ಇಡೀ ಕೇಬಲ್ ಸುತ್ತಿಕೊಳ್ಳುತ್ತದೆ, ಆ ತಿರುಚು ಹೋಗಿ ನಿಲ್ಲುವುದು ಅದೇ ಅಮುಕು ಜಾಗದಲ್ಲಿ. ಈ ಒಂದು ಅಂಶ ಇಲ್ಲದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದೆನ್ನುವುದು ನಮ್ಮ ಅಭಿಪ್ರಾಯ.

ಬಟ್ಟೆಯೋ ಪಿವಿಸಿಯೋ

ಹೆಣೆದ ಬಟ್ಟೆ ಹಿಗ್ಗುವುದಿಲ್ಲ, ಆದ್ದರಿಂದ ಎಳೆತ ತಡೆಯಲು ಅದು ಪಿವಿಸಿಗಿಂತ ಮೇಲು. ಕೇಬಲ್ಲೂ ಮೆತ್ತಗಿರುತ್ತದೆ, ಕೈಯ ಅದುರು ಕ್ಯಾಮೆರಾಕ್ಕೆ ಹೋಗುವುದು ಕಡಿಮೆ. ಆದರೆ ನೀರನ್ನು ಕುಡಿದು ಉಕ್ಕಿನ ಸುರುಳಿಗೆ ಒತ್ತಿ ಇಟ್ಟುಕೊಳ್ಳುತ್ತದೆ. ಹತ್ತಿಯ ಹೆಣಿಗೆಯಾದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಹೊದಿಕೆ ಕೊಳೆತರೆ ಓಟ ಕಡಿಮೆಯಾಗುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಪಿವಿಸಿ ಮಳೆ ಹನಿಯನ್ನು ತಡೆಯುತ್ತದೆ, ನಿಜ. ತುದಿಯ ಸಂದಿನಿಂದ ಒಳಗೆ ಹೋದ ನೀರನ್ನು ಹೊರಗೆ ಬಿಡದಂತೆಯೂ ತಡೆಯುತ್ತದೆ. ವರ್ಷಗಳು ಕಳೆದಂತೆ ಗಡುಸಾಗಿ ತುದಿಯ ಬುಡದಲ್ಲಿ ಬಿರುಕು ಬಿಡುತ್ತದೆ.

ಸಿಕ್ಕರೆ ಹೆಣಿಗೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹೊದಿಸಿದ್ದನ್ನು ತೆಗೆದುಕೊಳ್ಳಿ. ಸಿಗದಿದ್ದರೆ ಬಟ್ಟೆಯದ್ದನ್ನೇ ಕೊಂಡು ತುದಿಗಳಿಗೆ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿಕೊಳ್ಳುವುದು ವಾಸಿ. ಬಟ್ಟೆಯನ್ನು ಒಣಗಿಸಬಹುದು, ಪಿವಿಸಿಯ ಒಳಗನ್ನು ಒಣಗಿಸುವುದು ಕಷ್ಟ. ಉಕ್ಕಿನ ಹೆಣಿಗೆಯ ಕೇಬಲ್ಲುಗಳು ಗಟ್ಟಿ, ಆದರೆ ಬಿರುಸು. ಕೈ ಅಲುಗಿದ್ದು ನೇರ ಕ್ಯಾಮೆರಾಕ್ಕೆ.

ಉದ್ದ 50 ಸೆಂ.ಮೀ. ಇರಲಿ. 25 ಸೆಂ.ಮೀ.ನದ್ದನ್ನು ಟ್ರೈಪಾಡಿನ ಮೇಲೆ ಸಡಿಲವಾಗಿ ಹಿಡಿಯಲು ಆಗುವುದೇ ಇಲ್ಲ. ಇರುಪ್ಪು ಜಲಪಾತದ ದಾರಿಯಲ್ಲಿ ಕಾಲಿಗೆ ಇಂಬಳ ಹತ್ತಿದಾಗ ಮೈ ಅಲುಗದೆ ನಿಲ್ಲುವವರು ಯಾರೂ ಇಲ್ಲ. ಕೇಬಲ್ಲಿನಲ್ಲಿ ಒಂದು ಸಡಿಲ ಬಾಗು ಇದ್ದರೆ ಆ ಅಲುಗಾಟ ಅಲ್ಲೇ ಮುಗಿಯುತ್ತದೆ. ಒಂದು ಮೀಟರಿನದ್ದರಲ್ಲಿ ಓಟದ ನಷ್ಟ ಹೆಚ್ಚು, ಮಾಂದಲ್‌ಪಟ್ಟಿಯಂಥ ಗಾಳಿಯ ಜಾಗದಲ್ಲಿ ಅದೇ ಟ್ರೈಪಾಡಿಗೆ ಬಡಿಯುತ್ತಿರುತ್ತದೆ. ರಬ್ಬರ್ ಉಂಡೆ ಒತ್ತಿ ಗಾಳಿಯಿಂದ ಕೆಲಸ ಮಾಡುವ ಉದ್ದದ ನಳಿಕೆಗಳೂ ಇವೆ. ಒತ್ತಿದ್ದಕ್ಕೂ ಶಟರ್ ಬಿದ್ದದ್ದಕ್ಕೂ ನಡುವೆ ತಡವಾಗುತ್ತದೆ, ರಬ್ಬರ್ ಬಿರುಕು ಬಿಟ್ಟರೆ ಮುಗಿಯಿತು. ಕ್ಯಾಮೆರಾದಿಂದ ದೂರ ಕೂರಲೇಬೇಕಾದ ಕೆಲಸಕ್ಕೆ ಮಾತ್ರ.

ಲಾಕ್

ಮಳೆಗಾಲದ ಕಾಡಿನ ನೆರಳಿನಲ್ಲಿ 100 ಐಎಸ್‌ಒ ಫಿಲ್ಮಿಗೆ ಎಫ್/16ರಲ್ಲಿ ಅರ್ಧ ಸೆಕೆಂಡು ಸಾಮಾನ್ಯ. ಅದಕ್ಕೆ ಪ್ಲಂಜರನ್ನು ಒತ್ತಿದಂತೆಯೇ ಹಿಡಿದಿಡುವ ಲಾಕ್ ಬೇಕಿಲ್ಲ. ಎಫ್‌ಎಂ2ರ ಸೆಲ್ಫ್ ಟೈಮರ್ ಶುರುವಾದ ಕೂಡಲೆ ಕನ್ನಡಿಯನ್ನು ಎತ್ತಿಬಿಡುವುದರಿಂದ ಅಲುಗದ ದೃಶ್ಯಕ್ಕೆ ಟೈಮರೇ ಸಾಕೆನ್ನಬಹುದು. ಆದರೆ ಮಂಜು ಸರಿದ ಕ್ಷಣಕ್ಕೆ ಒತ್ತಬೇಕಾದಲ್ಲಿ ಟೈಮರ್ ಕೆಲಸಕ್ಕೆ ಬಾರದು, ಕೆ1000ದಲ್ಲಿ ಟೈಮರೇ ಇಲ್ಲ.

ಒತ್ತಿದಷ್ಟು ಹೊತ್ತೂ ಶಟರ್ ತೆರೆದಿರುವ ಸಂಜೆಯ ಬಿ ಎಕ್ಸ್‌ಪೋಷರಿಗೆ ಲಾಕ್ ಬೇಕೇಬೇಕು. ಫಿಲ್ಮ್ ದೀರ್ಘ ಎಕ್ಸ್‌ಪೋಷರಿನಲ್ಲಿ ಮಂದವಾಗುತ್ತದೆ. ಇಲ್ಫೋರ್ಡ್ ಕೊಡುವ ಲೆಕ್ಕದಂತೆ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಮೀಟರ್ ತೋರಿಸಿದ ಸಮಯವನ್ನು 1.31ರ ಘಾತಕ್ಕೆ ಏರಿಸಬೇಕು. ಮೀಟರ್ 10 ಸೆಕೆಂಡು ಅಂದರೆ ಕೊಡಬೇಕಾದ್ದು ಸುಮಾರು 20. ಅಷ್ಟು ಹೊತ್ತು ಹೆಬ್ಬೆರಳು ಒತ್ತಿ ನಿಂತರೆ ಬೆರಳು ಸಡಿಲವಾದ ಗಳಿಗೆಗೆ ಪಿನ್ ಹಿಂದೆ ಸರಿದು ಶಟರ್ ಮುಚ್ಚಿಕೊಳ್ಳುತ್ತದೆ.

ಲಾಕ್ ಎರಡು ಬಗೆ. ಬದಿಯ ಸಣ್ಣ ಸ್ಕ್ರೂ ಬಿಗಿದು ಪ್ಲಂಜರಿನ ಕಡ್ಡಿಯನ್ನು ಹಿಡಿಯುವುದು ಒಂದು. ನಂಬಿಕಸ್ಥ, ಆದರೆ ಬಿಗಿಯುವಾಗಲೇ ಕೇಬಲ್ ಅಲುಗುತ್ತದೆ, ಸ್ಕ್ರೂ ಉದುರಿದರೆ ಒಣ ಎಲೆಗಳ ನಡುವೆ ಸಿಕ್ಕುವುದಿಲ್ಲ. ಇನ್ನೊಂದು, ಓರೆಯಾಗಿ ನಿಂತು ಕಡ್ಡಿಯನ್ನು ಕಚ್ಚುವ ಬಿಲ್ಲೆ. ಒತ್ತಿದರೆ ತಾನೇ ಹಿಡಿಯುತ್ತದೆ, ಬಿಲ್ಲೆ ತಟ್ಟಿದರೆ ಬಿಡುತ್ತದೆ. ನಮ್ಮ ಮತ ಬಿಲ್ಲೆಗೆ. ಪರೀಕ್ಷೆ ಸುಲಭ: ಒತ್ತಿ ಲಾಕ್ ಮಾಡಿ, ಪಿನ್ ಅಳೆದು, ಮೇಜಿನ ಮೇಲೆ ನಾಲ್ಕಾರು ಸಲ ತಟ್ಟಿ, ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಕಾಲು ಮಿ.ಮೀ. ಸರಿದಿದ್ದರೂ ಅದು ಇನ್ನೂ ಸರಿಯುತ್ತದೆ. ಬಿಲ್ಲೆ ಜಾರಲು ಹೆಚ್ಚಿನ ಸಲ ಕಾರಣ ಕಡ್ಡಿಯ ಮೇಲಿನ ಎಣ್ಣೆ. ಆಲ್ಕೋಹಾಲಿನಲ್ಲಿ ಒರೆಸಿದರೆ ಸರಿಹೋಗುತ್ತದೆ. ಬಿಲ್ಲೆಯ ಅಂಚು ಸವೆದಿದ್ದರೆ ಮಾತ್ರ ಮದ್ದಿಲ್ಲ.

ಬೆಂಚಿನ ಮೇಲೆ: ಕಿತ್ತ ತುದಿ, ತುಕ್ಕು ಹಿಡಿದ ಇನ್ನರ್

ಕೇಬಲ್ಲಿನ ಸ್ಥಿತಿ: ಪಿನ್ ತಡೆದು ಒತ್ತಿದರೆ ನಷ್ಟ 6 ಮಿ.ಮೀ., ತುದಿಯ ಬುಡದಲ್ಲಿ ಸಂದು ಬಾಯಿ ತೆರೆಯುತ್ತದೆ, ಬಿಟ್ಟ ಮೇಲೆ ಪಿನ್ ತಡವರಿಸಿ ಹಿಂದೆ ಬರುತ್ತದೆ. ಇನ್ನರ್ ಮುರುಟಿಲ್ಲ. ಮುರುಟಿದ್ದರೆ ಈ ಕೆಲಸಕ್ಕೆ ಕೈ ಹಾಕುವುದೇ ಬೇಡ. ಬಾಗಿದ ಇನ್ನರನ್ನು ಎಷ್ಟು ನೇರ ಮಾಡಿದರೂ ತಳ್ಳಿದಾಗ ಅದೇ ಜಾಗದಲ್ಲಿ ಮತ್ತೆ ಬಾಗುತ್ತದೆ. ಹೊಸ ತುಂಡು ಬೆಸೆಯೋಣವೆಂದರೆ ಕಾಯಿಸಿದ ಉಕ್ಕು ಮೆತ್ತಗಾಗುತ್ತದೆ. ಬೆರಳಿನಿಂದ ಕೇಬಲ್ಲಿನ ಉದ್ದಕ್ಕೂ ನಿಧಾನ ಸವರುತ್ತ ಪ್ಲಂಜರ್ ಆಡಿಸಿದರೆ, ಮುರುಟಿದ ಜಾಗದಲ್ಲಿ ಸಣ್ಣ ಗಂಟು ಹಾದುಹೋಗುವುದು ಬೆರಳಿಗೆ ತಿಳಿಯುತ್ತದೆ.

ಸಾಮಾನು: ಸೀಮೆಎಣ್ಣೆ 20 ಮಿ.ಲೀ., ಐಸೊಪ್ರೊಪೈಲ್ ಆಲ್ಕೋಹಾಲ್ 50 ಮಿ.ಲೀ., ಸೂಜಿ ಸಹಿತ 10 ಮಿ.ಲೀ. ಸಿರಿಂಜ್, ನಿಧಾನ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ, 400 ನಂಬರಿನ ಎಮರಿ ಪೇಪರ್, ಚಪ್ಪಲಿ ಹೊಲಿಯುವವರು ಬಳಸುವ ಮೇಣದ ದಾರ ಒಂದು ಮೀಟರ್, ಒಳಗೆ ಅಂಟಿರುವ 9 ಮಿ.ಮೀ. ಶ್ರಿಂಕ್ ಸ್ಲೀವ್ (ಮೂರನೇ ಒಂದರಷ್ಟಕ್ಕೆ ಕುಗ್ಗುವಂಥದ್ದು), ಮೋಂಬತ್ತಿಯ ತುಂಡು, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಸ್ಲೀವ್ 9 ಮಿ.ಮೀ. ಏಕೆಂದರೆ ಅದು ತುದಿಯ ಬಳೆಯನ್ನು ದಾಟಿ ಒಳಗೆ ಬರಬೇಕು, ಆಮೇಲೆ ಕೇಬಲ್ಲಿನ ಮೈಗೆ ಬಿಗಿಯಬೇಕು.

ಕೆಲಸದ ಕ್ರಮ ಮುಖ್ಯ. ಎಣ್ಣೆ ಕೊಟ್ಟ ಮೇಲೆ ಅಂಟು ಹಿಡಿಯುವುದಿಲ್ಲ, ಆದ್ದರಿಂದ ಎಣ್ಣೆ ಎಲ್ಲಕ್ಕಿಂತ ಕೊನೆಗೆ.

ಮೊದಲು ತುಕ್ಕು ಬಿಡಿಸುವುದು. ಪ್ಲಂಜರಿನ ಕಡ್ಡಿಗೂ ಹಿಡಿಕೆಗೂ ನಡುವಿನ ಸಂದಿಗೆ ಸೂಜಿ ಇಟ್ಟು ಒಂದೆರಡು ಮಿ.ಲೀ. ಸೀಮೆಎಣ್ಣೆ ಬಿಡಿ. ಕೇಬಲ್ಲನ್ನು ಪಿನ್ ಕೆಳಗಾಗಿ ನೇತುಹಾಕಿ, ಕೆಳಗೊಂದು ಬಟ್ಟಲಿಡಿ. ಒಂದು ದಿನದ ಅವಧಿಯಲ್ಲಿ ಆಗಾಗ ಪ್ಲಂಜರನ್ನು ನಿಧಾನವಾಗಿ ಆಡಿಸಿ. ಜೋರು ಮಾಡಬೇಡಿ, ತುಕ್ಕಿನಲ್ಲಿ ಸಿಕ್ಕಿಕೊಂಡ ಇನ್ನರನ್ನು ಬಲವಾಗಿ ತಳ್ಳಿದರೆ ಮುರುಟುವುದು ಆಗಲೇ. ಪಿವಿಸಿ ಹೊದಿಕೆಯದ್ದಾದರೆ ಸೀಮೆಎಣ್ಣೆಯನ್ನು ಗಂಟೆಗಟ್ಟಲೆ ಬಿಡಬಾರದು, ಪ್ಲಾಸ್ಟಿಕ್ ಕೆಡುತ್ತದೆ. ಕೆಲವು ಕೇಬಲ್ಲುಗಳಲ್ಲಿ ಪ್ಲಂಜರಿನ ತಲೆಯನ್ನು ಬಿಚ್ಚಿದರೆ ಇನ್ನರ್ ಪೂರ್ತಿ ಹೊರಬರುತ್ತದೆ. ಬಿಚ್ಚುವುದಾದರೆ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಿಚ್ಚಿ, ಇಲ್ಲದಿದ್ದರೆ ಸ್ಪ್ರಿಂಗ್ ಹಾರಿ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ. ಅಮುಕಿ ಮುಚ್ಚಿದ್ದಾದರೆ ಬಿಚ್ಚುವ ಪ್ರಯತ್ನವೇ ಬೇಡ.

ಪ್ಲಂಜರ್ ಸಲೀಸಾದ ಮೇಲೆ ಅದೇ ಸಂದಿನಿಂದ ಆಲ್ಕೋಹಾಲ್, ಸಲಕ್ಕೆ 5 ಮಿ.ಲೀ. ಪಿನ್ನಿನ ಬದಿಯಿಂದ ಮೊದಲು ಕಂದು ನೀರು ಬರುತ್ತದೆ. ತಿಳಿಯಾಗುವ ತನಕ ಬಿಡುತ್ತಿರಿ. ಕಿಟಕಿ ತೆರೆದಿರಲಿ, ಒಲೆ ದೂರವಿರಲಿ. ಒಣಗಿಸಲು 40 ಡಿಗ್ರಿಯ ಆಸುಪಾಸಿನ ಬಿಸಿ ಸಾಕು: ರಟ್ಟಿನ ಪೆಟ್ಟಿಗೆಯಲ್ಲಿ 40 ವಾಟಿನ ಹಳೆಯ ಕಾಲದ ಬಲ್ಬು ಹಚ್ಚಿ ಒಂದು ರಾತ್ರಿ, ರಟ್ಟಿಗೂ ಬಲ್ಬಿಗೂ ಒಂದು ಗೇಣು ಅಂತರವಿಟ್ಟು. ಆಲ್ಕೋಹಾಲಿನ ವಾಸನೆ ಪೂರ್ತಿ ಹೋದ ಮೇಲೆಯೇ ಪೆಟ್ಟಿಗೆಗೆ ಹಾಕಿ. ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕಿದರೆ ಒಣಗುತ್ತದೆ, ಹೊಗೆಯ ಜಿಗುಟೂ ಸೇರುತ್ತದೆ.

ಈಗ ಅಂಟು. ಹೊದಿಕೆಯ ತುದಿಯ ಕೊಳೆತ ನೂಲನ್ನು ಕತ್ತರಿಸಿ, ಸುರುಳಿಯ ಕೊನೆಯ 5 ಮಿ.ಮೀ. ಮತ್ತು ಲೋಹದ ತುದಿಯ ಒಳಬದಿಯನ್ನು ಎಮರಿಯಿಂದ ಒರಟು ಮಾಡಿ. ಇಲ್ಲಿ ಹೆದರಬೇಕಾದದ್ದು ಒಂದಕ್ಕೇ, ಎಪಾಕ್ಸಿ ಇನ್ನರಿಗೆ ತಾಗಿ ಎಲ್ಲ ಒಂದೇ ಗಟ್ಟಿಯಾಗುವುದಕ್ಕೆ. ಆ ಭಾಗದ ಇನ್ನರಿಗೆ ಮೋಂಬತ್ತಿ ಉಜ್ಜಿ, ಎಪಾಕ್ಸಿಯನ್ನು ಸುರುಳಿಯ ಹೊರಮೈಗೆ ಮಾತ್ರ ತೆಳ್ಳಗೆ ಹಚ್ಚಿ, ಮೊದಲ ಒಂದೆರಡು ಸುತ್ತನ್ನು ಬಿಟ್ಟು. ಸಾಸಿವೆ ಕಾಳಿನಷ್ಟು ಸಾಕು. ತುದಿಯನ್ನು ತಿರುಗಿಸುತ್ತ ಕೂರಿಸಿ. ಗಟ್ಟಿಯಾಗುವ ತನಕ ಐದು ಹತ್ತು ನಿಮಿಷಕ್ಕೊಮ್ಮೆ ಪ್ಲಂಜರನ್ನು ಹಗುರವಾಗಿ ಆಡಿಸಬೇಕು. ಐದು ನಿಮಿಷದ ಎಪಾಕ್ಸಿ ಬೇಡ, ಅದು ಈ ಆಟಕ್ಕೆ ಸಮಯ ಕೊಡುವುದಿಲ್ಲ. ಮಡಿಕೇರಿಯ ಮಳೆಗಾಲದ ತಣ್ಣನೆಯ ಕೋಣೆಯಲ್ಲಿ ಪ್ಯಾಕೆಟ್ಟಿನ ಮೇಲೆ ಬರೆದ ಸಮಯ ಸಾಲದು. ಬಲ್ಬಿನ ಪೆಟ್ಟಿಗೆಯಲ್ಲೇ ಒಂದೂವರೆ ದಿನ ಬಿಡಿ.

ಬರಿಯ ಅಂಟನ್ನು ನಂಬಬೇಡಿ, ಎಳೆತ ಹೊರುವುದು ದಾರ. ಲೋಹದ ಬುಡದ ಮೇಲೆ 4 ಮಿ.ಮೀ.ಯಿಂದ ಶುರುಮಾಡಿ ಹೊದಿಕೆಯ ಮೇಲೆ 10 ಮಿ.ಮೀ. ತನಕ, ಸುತ್ತಿನ ಪಕ್ಕ ಸುತ್ತು ಬರುವಂತೆ ದಾರ ಬಿಗಿಯಿರಿ. ಕೊನೆಯನ್ನು ಸುತ್ತಿನ ಅಡಿಯಿಂದ ಎಳೆದು ಕತ್ತರಿಸಿ, ಮೇಲೆ ತೆಳ್ಳಗೆ ಎಪಾಕ್ಸಿ ಸವರಿ. ಮೇಣ ಹೆಚ್ಚಾಗಿದ್ದರೆ ಅಂಟು ಇಳಿಯುವುದಿಲ್ಲ, ದಾರವನ್ನು ಮೊದಲು ಬಿಸಿ ಬಟ್ಟೆಯಲ್ಲಿ ಒಮ್ಮೆ ಎಳೆದುಕೊಳ್ಳಿ.

ಅದರ ಮೇಲೆ ಸ್ಲೀವ್ ಎರಡು ಪದರ: ಒಳಗೆ 30 ಮಿ.ಮೀ. ಉದ್ದದ್ದು, ಮೇಲೆ 15 ಮಿ.ಮೀ.ನದ್ದು, ಎರಡೂ ಲೋಹದ ಕಡೆಯ ಅಂಚಿಗೆ ಸಮವಾಗಿ. ಗಡುಸು ಹೀಗೆ ಮೆಟ್ಟಿಲಾಗಿ ಕಡಿಮೆಯಾದರೆ ಬಾಗು ಒಂದೇ ಜಾಗದಲ್ಲಿ ಬೀಳುವುದಿಲ್ಲ. ತಿರುಗುವ ಬಳೆಯಿಂದ ಒಂದು ಮಿ.ಮೀ. ದೂರವಿರಲಿ, ಅಂಟು ಹರಿದು ಬಳೆಯನ್ನು ಕಚ್ಚಿದರೆ ಅದರ ತಿರುಗಾಟ ನಿಲ್ಲುತ್ತದೆ. ಹಾಟ್ ಏರ್ ಗನ್ ಇದ್ದರೆ ಚೆನ್ನ. ಲೈಟರಿನ ಉರಿ ಬಟ್ಟೆಯನ್ನು ಸುಡುತ್ತದೆ, ಕೂದಲು ಒಣಗಿಸುವ ಡ್ರೈಯರಿನ ಬಿಸಿ ಒಳಗಿನ ಅಂಟನ್ನು ಕರಗಿಸಲು ಸಾಮಾನ್ಯವಾಗಿ ಸಾಲದು. ಸೋಲ್ಡರಿಂಗ್ ಐರನ್ನಿನ ಪಕ್ಕದಿಂದ ಸವರಿದರೂ ಆಗುತ್ತದೆ, ನಿಧಾನ. ಹಿಡಿಕೆಯ ಕಡೆಗೂ ಒಂದು ಪದರ ಹಾಕಿ; ಅಲ್ಲಿ ಎಳೆತ ಅಷ್ಟೇ ಇದೆ, ಬಾಗು ಮಾತ್ರ ಕಡಿಮೆ.

ಕೊನೆಗೆ ಎಣ್ಣೆ, ಪ್ಲಂಜರಿನ ಬದಿಯಿಂದ ಒಂದೇ ಹನಿ. ಈಗ ಕೇಬಲ್ಲನ್ನು ಪಿನ್ ಮೇಲಾಗಿ ತೂಗುಹಾಕಿ, ಹೆಚ್ಚಿನದು ಹಿಡಿಕೆಯ ಕಡೆ ಇಳಿಯಲಿ. ಮರುದಿನ ಪಿನ್ನನ್ನೂ ಲಾಕಿನ ಕಡ್ಡಿಯನ್ನೂ ಒರೆಸಿ. ಪಿನ್ನಿನ ಮೂಲಕ ಎಣ್ಣೆ ಕ್ಯಾಮೆರಾಕ್ಕೆ ಇಳಿಯಬಾರದು. ಯಾಶಿಕಾ-ಮ್ಯಾಟ್‌ನಂಥ ಕ್ಯಾಮೆರಾಗಳಲ್ಲಿ, ಕೋಪಾಲ್ ಶಟರಿನ ಲೆನ್ಸುಗಳಲ್ಲಿ ಎಣ್ಣೆ ತೆಳು ಅಲಗುಗಳಿಗೆ ತಾಗಿದರೆ ಅವು ಅಂಟಿಕೊಂಡು ವೇಗ ಕೆಡುತ್ತದೆ. ಡಬ್ಲ್ಯೂಡಿ-40 ನೀರನ್ನು ಹೊರದೂಡುತ್ತದೆ ಸರಿ, ಆದರೆ ಅದು ಉಳಿಯುವ ಎಣ್ಣೆಯಲ್ಲ. ಹೊಳೆಗೆ ಬಿದ್ದ ಕೇಬಲ್ಲಿಗೆ ತುರ್ತಾಗಿ ಹಾಕಿದರೂ ಆಮೇಲೆ ಆಲ್ಕೋಹಾಲಿನಲ್ಲಿ ತೊಳೆಯಲೇಬೇಕು.

ಕೆಲಸ ಮುಗಿದ ಮೇಲೆ ನಷ್ಟ 2 ಮಿ.ಮೀ.ಗೆ ಇಳಿದಿದೆ, ಪಿನ್ ತಡವರಿಸದೆ ಹಿಂದೆ ಬರುತ್ತದೆ. ಉಳಿದ 2 ಮಿ.ಮೀ. ಹಳೆಯ ಹೆಣಿಗೆಯ ಹಿಗ್ಗು, ಅದು ಹೋಗುವುದಲ್ಲ.

ಬಳಕೆಯಲ್ಲಿ

ತಿರುಪುವಾಗ ಬಳೆಯನ್ನು ಬೆರಳಿನಲ್ಲಿ ತಿರುಗಿಸಿ, ಕೇಬಲ್ಲನ್ನಲ್ಲ. ಕಿರಿದಾಗುವ ಥ್ರೆಡ್ ಆದ್ದರಿಂದ ಕೆಲವೇ ಸುತ್ತಿಗೆ ತಾನಾಗಿ ಬಿಗಿಯುತ್ತದೆ. ಅಲ್ಲಿಂದ ಮುಂದೆ ಬಿಗಿದರೆ ಬೆಣೆಯಂತೆ ಕೂತು, ತೇವದಲ್ಲಿ ಬಿಚ್ಚಲು ಇಕ್ಕಳ ಬೇಕಾಗುತ್ತದೆ. ಕೇಬಲ್ಲಿನ ಭಾರ ತುದಿಯ ಮೇಲೆ ಬೀಳದಂತೆ ಟ್ರೈಪಾಡಿನ ಕಾಲಿಗೆ ಒಂದು ವೆಲ್ಕ್ರೊ ಪಟ್ಟಿ ಕಟ್ಟಿ, ಹಿಡಿಕೆಯ ಕಡೆಯನ್ನು ಅದರಲ್ಲಿ ಸಿಕ್ಕಿಸಿ. ಕೇಬಲ್ ಹಾಕಿದ ಕ್ಯಾಮೆರಾವನ್ನು ಹೆಗಲಿಗೇರಿಸಿ ತೋಟದ ಬೇಲಿ ದಾಟುವ ಅಭ್ಯಾಸ ಬಿಡಬೇಕು. ಕೊಂಬೆಗೆ ಸಿಕ್ಕಿದರೆ ಹೋಗುವುದು ಕೇಬಲ್ಲಾದರೆ ಸರಿ, ಗುಂಡಿಯ ಥ್ರೆಡ್ ಹೋದರೆ ಕ್ಯಾಮೆರಾ ಬಿಚ್ಚಬೇಕು. ತುದಿ ಒಳಗೇ ಮುರಿದು ಕೂತಿದ್ದರೆ ಚೂಪು ದಬ್ಬಳವನ್ನು ಮುರಿದ ಅಂಚಿಗೆ ಒತ್ತಿ, ಎಡಕ್ಕೆ ನಿಧಾನ ತಿರುಗಿಸಿ ನೋಡಿ. ಅಂಟು ಹಾಕಿ ಎಳೆಯುವ ಉಪಾಯ ಗುಂಡಿಯನ್ನೇ ಹಾಳುಮಾಡುತ್ತದೆ.

ಶಟರ್ ಬಿದ್ದ ಕೂಡಲೆ ಒತ್ತುವುದು ನಿಲ್ಲಿಸಿ. ಕೋಪಾಲ್, ಕಂಪೂರ್ ಶಟರುಗಳಲ್ಲಿ ಪಿನ್ ಒತ್ತುವುದು ಸಣ್ಣ ಲೋಹದ ತುಂಡನ್ನು, ಅತಿಯಾದರೆ ಅದು ಬಾಗುತ್ತದೆ. ಬಿಲ್ಲೆ ಲಾಕ್ ಆದ ಸ್ಥಿತಿಯಲ್ಲೇ ಉಳಿದಿದ್ದರೆ ಮುಂದಿನ ಚಿತ್ರಕ್ಕೆ ಪ್ಲಂಜರಿನಲ್ಲಿ ಒತ್ತಲು ಏನೂ ಉಳಿದಿರುವುದಿಲ್ಲ. ಚೀಲಕ್ಕೆ ಹಾಕುವ ಮುಂಚೆಯೂ ಲಾಕ್ ಬಿಟ್ಟಿರಲಿ, ಸ್ಪ್ರಿಂಗ್ ದಣಿಯಬಾರದು. ಫಿಲ್ಮ್ ಡಬ್ಬಿಯೊಳಗೆ ಸುತ್ತಿ ತುರುಕುವುದು ಇನ್ನೊಂದು ಕೆಟ್ಟ ಚಾಳಿ. ಸುರುಳಿ 12 ಸೆಂ.ಮೀ.ಗಿಂತ ಕಿರಿದಾಗಬಾರದು.

ಮಳೆಯಲ್ಲಿ ನೆನೆದ ಕೇಬಲ್ಲನ್ನು ಮನೆಗೆ ಬಂದ ಕೂಡಲೆ ಒರೆಸಿ, ಪಿನ್ ಕೆಳಗಾಗಿ ತೂಗುಹಾಕಿ. ಒಣಗಿದ ಮೇಲೆ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬದಲ್ಲಿ 200 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ, ತೇವಮಾಪಕ ಶೇ. 40ರಿಂದ 50 ತೋರಿಸಿದರೆ ಸಾಕು. ಅಕ್ಕಿ ಡಬ್ಬದಲ್ಲಿ ಹೂತಿಡುವ ಸಲಹೆ ಬೇರೆ ಊರಿನದ್ದಿರಬೇಕು, ಜುಲೈ ತಿಂಗಳಲ್ಲಿ ನಮ್ಮ ಅಕ್ಕಿಯೇ ತೇವ, ಅದರ ಹಿಟ್ಟು ಬೇರೆ ಪಿನ್ನಿಗೆ ಅಂಟುತ್ತದೆ. ಜೆಲ್ ಬಣ್ಣ ಬದಲಾದಾಗ 110ರಿಂದ 120 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅಡುಗೆಯ ಪಾತ್ರೆಗಳಿಂದ ದೂರ ಇಡಿ, ಕೊಳ್ಳುವಾಗ ಕಿತ್ತಳೆ ಬಣ್ಣದ್ದನ್ನೇ ಕೇಳಿ.